ಐದು ಕಂಪ್ಯೂಟರಿಗೂ ದಮಯಂತಿಯ ಹೆಸರು

"ಇಳಿ ಕೆಳಗ! ಇಲ್ಲಾಂದ್ರ ತೆಲಿ ಒಡೀತೀನಿ ನೋಡು!"

ಜಾಕ್ ರಾಡು ನನ್ನ ಮೂಗಿನಿಂದ ಒಂದೇ ಗೇಣು ದೂರ. ನಾನು ಗುಜರಿ ಟೆಂಪೋದ ಮೇಲೆ. ಮುರಿದ ಫ್ಯಾನು, ಹರಿದ ಕುರ್ಚಿಗಳ ನಡುವೆ ಒಂದು ಹಳೇ ಕಂಪ್ಯೂಟರನ್ನು ತಬ್ಬಿಕೊಂಡು ಕೂತಿದ್ದೆ!

ಠಾಣೆಯ ದಾರಿಯಲ್ಲಿ, ವಿಟಾವಾದ ರೈಲ್ವೆ ಬ್ರಿಜ್ಜಿನ ಹತ್ತಿರ ಟ್ರಾಫಿಕ್ ಜಾಮ್. ರಬಾಳೆಯಿಂದ ರಿಕ್ಷಾದಲ್ಲಿ ಅಟ್ಟಿಸಿಕೊಂಡು ಬಂದು, ಟೆಂಪೋ ನಿಂತದ್ದೇ ಹಿಂದಿನಿಂದ ಹತ್ತಿದ್ದೆ. ಆ ಜಾಮಿಗೆ ದಿನಾ ಶಾಪ ಹಾಕುವವ ನಾನು. ಅವತ್ತು ಮಾತ್ರ ಕೈ ಮುಗಿದೆ.

ಡ್ರೈವರ್ ಮೊದಲು ಹಿಂದಿಯಲ್ಲಿ ಬೈದಿದ್ದ. ಆಮೇಲೆ ಮರಾಠಿ. ಸಿಟ್ಟು ನೆತ್ತಿಗೇರಿದಾಗ ಕನ್ನಡ ಹೊರಗೆ ಬಂತು.

"ಯಾವ ಊರು ಮಾರಾಯ?" ಅಂದೆ.

ರಾಡು ಗಾಳಿಯಲ್ಲೇ ನಿಂತಿತು.

"ಆಳಂದ ಕಡೆ... ಸಿದ್ರಾಮ ಅಂತ. ನಿನಗ್ಯಾಕ?"

"ಸಿದ್ರಾಮಣ್ಣ, ಈ ಡಬ್ಬ ಮಾಜಿವಾಡಾದ ಗುಜರಿಗೆ ಹೋದ್ರೆ, ನಾಲ್ಕು ಗಂಟೆಗೆ ಒಬ್ಬ ಹೆಂಗಸನ್ನು ಕಳ್ಳಿ ಅಂತ ಹೊರಗೆ ಹಾಕ್ತಾರೆ. ಹತ್ತೊಂಬತ್ತು ವರ್ಷ ದುಡಿದವರು. ಏನೂ ಮಾಡದವರು."

ಅವ ನನ್ನ ಮುಖವನ್ನೇ ನೋಡಿದ. ರಾಡು ಇಳಿಸಿದ.

"ಈಗ ಟೈಮ್ ಎಷ್ಟ್ರಿ?"

"ಎರಡೂ ಮುಕ್ಕಾಲು."

"ತಗೊಂಡ್ ಹೋಗ್ರಿ. ಯಾರರೆ ಕೇಳಿದ್ರ ದಾರ್ಯಾಗ ಬಿತ್ತು ಅಂತೀನಿ."

ನಾನು ಯಾರು ಅಂತ ಹೇಳಲೇ ಇಲ್ಲ ಅಲ್ವಾ? ಭುಜಂಗ. ಮನೆ ಡೊಂಬಿವಲಿ. ಠಾಣೆಯಿಂದ ಖಾರಘರದ ತನಕ ಸಣ್ಣ ಆಫೀಸುಗಳ ಕಂಪ್ಯೂಟರ್ ಸರಿ ಮಾಡುವುದು ನನ್ನ ಕಸುಬು. ಪ್ರಿಂಟ್ ಬರ್ತಿಲ್ಲ, ಫೈಲ್ ಓಪನ್ ಆಗ್ತಿಲ್ಲ, ಪಾಸ್‌ವರ್ಡ್ ಮರೆತುಹೋಯ್ತು... ಕರಿ ಭುಜಂಗನನ್ನು! ಜನ ಪೊಲೀಸರ ಮುಂದೆ ಬಾಯಿ ಮುಚ್ಚಿಕೊಳ್ತಾರೆ, ನನ್ನ ಮುಂದೆ ಪಾಸ್‌ವರ್ಡ್ ಹೇಳ್ತಾರೆ. ಹಾಗಾಗಿ ಗುಟ್ಟುಗಳು ನನಗೇ ಜಾಸ್ತಿ ಗೊತ್ತು.

ಅವತ್ತು ಒಂದೂವರೆಗೆ ಐರೋಲಿಯಲ್ಲಿ ಒಂದು ಪ್ರಿಂಟರ್ ಬಿಚ್ಚಿಟ್ಟುಕೊಂಡು ಕೂತಿದ್ದೆ. ದಮಯಂತಿಯಕ್ಕನ ಫೋನು. ರಬಾಳೆಯಲ್ಲಿ ಪ್ಲಾಸ್ಟಿಕ್ ಡ್ರಮ್ ಮಾಡುವ ಒಂದು ಕಂಪನಿಯ ಹಿರಿಯ ಕ್ಲರ್ಕ್ ಅವರು. ನಮ್ಮ ಕಾರ್ಕಳದ ಕಡೆಯವರು.

"ಭುಜಂಗ... ನನ್ನನ್ನು ಕಳ್ಳಿ ಅಂತಿದ್ದಾರೆ ಮಾರಾಯ!"

ವಿಷಯ ಇಷ್ಟು. ಖಾರಘರದ ಮಧ್ವರಾಜ ಅಂತ ಅವರ ದೊಡ್ಡ ಗಿರಾಕಿ. ಅವನಿಗೆ ಹೋಗಬೇಕಾದ ಕೊಟೇಶನ್ ಮಂಗಳವಾರ ಕಲ್ಯಾಣದ ಮಯೂರನಿಗೆ ಹೋಗಿತ್ತು. ಮಯೂರ್ ಅಂದ್ರೆ ಅದೇ ಡ್ರಮ್ ಮಾಡುವ ಎದುರಾಳಿ! ಅವ ಕಮ್ಮಿ ರೇಟು ಹಾಕಿ ಗಿರಾಕಿಯನ್ನೇ ಹಾರಿಸಿಕೊಂಡು ಹೋದ. ಮೇಲ್ ಹೋದದ್ದು ದಮಯಂತಿಯಕ್ಕನ ಹೆಸರಿನಿಂದ. ನಾಲ್ಕು ಗಂಟೆಯೊಳಗೆ ತಪ್ಪೊಪ್ಪಿಕೊಂಡು ರಾಜೀನಾಮೆಗೆ ಸೈನ್ ಹಾಕಬೇಕು. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್.

"ನೀವು ಕಳಿಸಿದ್ರಾ ಅಕ್ಕ?"

"ದೇವರಾಣೆ ಇಲ್ಲ! ಆ ಹೊತ್ತಿಗೆ ಗೋಡೌನಿನಲ್ಲಿ ಲಾರಿಗೆ ಮಾಲು ತುಂಬಿಸ್ತಿದ್ದೆ. ಹೇಳಿದ್ರೆ, ಕಂಪ್ಯೂಟರ್ ಸುಳ್ಳು ಹೇಳ್ತದಾ ಅಂತ ಕೇಳ್ತಾರೆ."

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಯಾಕೆ ಗೊತ್ತುಂಟಾ? ಆ ಆಫೀಸಿನ ಐದೂ ಕಂಪ್ಯೂಟರಿನಲ್ಲಿ ಅವರದ್ದೇ ಹೆಸರು!

ಎಂಟು ವರ್ಷದ ಹಿಂದೆ ಧಣಿ ಲೋಕನಾಥ ಹೇಳಿದ್ದರು. "ಮೇಲ್ ಸಾಫ್ಟ್‌ವೇರಿಗೆ ಐದು ಲೈಸೆನ್ಸ್ ಯಾಕೆ ಮಾರಾಯ? ಒಂದು ತಗೊಂಡು ಐದಕ್ಕೂ ಹಾಕು. ಅಡ್ಜಸ್ಟ್ ಮಾಡು. ದಮಯಂತಿ ಎಲ್ಲರಿಗಿಂತ ಮೊದಲು ಬರ್ತಾಳೆ, ಅವಳ ಹೆಸರೇ ಇರಲಿ."

ಹಾಕಿಕೊಟ್ಟವ ನಾನೇ. ಭಾರೀ ತಲೆ ಓಡಿಸಿದೆ ಅಂತ ಅವತ್ತು ನನಗೆ ಹೆಮ್ಮೆ ಬೇರೆ. ಥೂ!

ಆಫೀಸಿಗೆ ಓಡಿದೆ. ಅಲ್ಲಿನ ಮೇಲ್ ಎಲ್ಲಾ ಹೋಗುತ್ತಿದ್ದದ್ದು ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನ ಮೂಲಕ. ಹೆಸರು ಒಂದೇ ಆದರೂ, ಯಾವ ಟೇಬಲ್ಲಿನಿಂದ ಹೋಯ್ತು ಅಂತ ಅದು ನಂಬರ್ ಸಮೇತ ಬರೆದಿಟ್ಟುಕೊಳ್ತದೆ. ಹೋಗಿ ನೋಡಿದ್ರೆ... ಮೂಲೆ ಖಾಲಿ!

"ಎಲ್ಲಿ ಅದು?"

ಮ್ಯಾನೇಜರ್ ಜಯೇಶ್ ಮೊಬೈಲಿನಿಂದ ತಲೆ ಎತ್ತಲಿಲ್ಲ. ಧಣಿಯ ಸೋದರಳಿಯ. ಇಲ್ಲೇ ಹುಟ್ಟಿದವ, ಕನ್ನಡದಲ್ಲಿ ಕೇಳಿದ್ರೆ ಹಿಂದಿಯಲ್ಲಿ ಉತ್ತರ.

"ಭಂಗಾರ್ ಮೇ ದಿಯಾ. ಮಾಮಾನೇ ಬೋಲಾ. ಅಭೀ ತೋ ಟೆಂಪೋ ಗಯಾ."

ಗುಜರಿಗೆ ಹಾಕಲು ಹೇಳಿದ್ದು ಮಾಮ, ಅಂದ್ರೆ ಧಣಿಯೇ! ಟೆಂಪೋ ಹೋದದ್ದೂ ಈಗಷ್ಟೇ. ಇಡೀ ಆಫೀಸಿನ ಮೇಲ್ ಬಂದ್ ಆಗಿದೆ, ಧಣಿ ಮಾತ್ರ ಕ್ಯಾಬಿನ್ನಿನಲ್ಲಿ ತೆಪ್ಪಗೆ ಕೂತಿದ್ದಾರೆ. ಪ್ರಿಂಟರ್ ಕಾಗದ ಕಚ್ಚಿದರೆ ಐರೋಲಿ ತನಕ ಕೇಳುವ ಹಾಗೆ ಕಿರುಚುವ ಮನುಷ್ಯ! ಅಲ್ಲಿಗೇ ನನಗೆ ವಾಸನೆ ಬಡಿಯಿತು. ರಿಕ್ಷಾ ಹಿಡಿದದ್ದು ಆಗಲೇ.

ಡಬ್ಬ ಹೊತ್ತು ವಾಪಸ್ ಬರುವಾಗ ಮೂರೂ ಇಪ್ಪತ್ತೈದು.

"ಅದನ್ನು ಯಾಕೆ ತಂದೆ ನೀನು?" ಧಣಿ ಕ್ಯಾಬಿನ್ನಿನಿಂದ ಎದ್ದು ಬಂದ್ರು.

ಟೇಬಲ್ಲಿನ ಮೇಲಿಟ್ಟೆ. ಪ್ಲಗ್ ಹಾಕಿದೆ. ಪರದೆ ಬೆಳಗಿತು.

ಅಪ್‌ಡೇಟ್ ಆಗುತ್ತಿದೆ. ಆಫ್ ಮಾಡಬೇಡಿ. ಒಂಬತ್ತು ಪರ್ಸೆಂಟ್.

ಅಯ್ಯೋ ನಿನ್ನ ಮನೆ ಹಾಳಾಗ! ಎಂಟು ವರ್ಷದಲ್ಲಿ ಇದೇ ದಿನ ಸಿಕ್ಕಿತಾ ನಿನಗೆ?

ಮೂವತ್ತೊಂದು... ಅರವತ್ತನಾಲ್ಕು... ಅರವತ್ತನಾಲ್ಕು... ಅರವತ್ತನಾಲ್ಕು!

ಜಯೇಶನ ಕೈ ಮೆಲ್ಲ ಪ್ಲಗ್ಗಿನ ಕಡೆ ಹೋಯ್ತು. ಮಣಿಕಟ್ಟು ಹಿಡಿದೆ.

"ಕ್ಯಾ ಕರೋಗೆ ಅಂಕಲ್?"

"ನೀನು ಆಫೀಸಿನಲ್ಲಿ ಕೂತು ಎಂತೆಂತ ನೋಡ್ತೀ ಅಂತ ಲಿಸ್ಟು ಉಂಟು ನನ್ನ ಹತ್ತಿರ. ನಿನ್ನ ಅಮ್ಮನ ವಾಟ್ಸಾಪ್ ನಂಬರೂ ಉಂಟು."

ಕೈ ತೆಗೆದ. ಲಿಸ್ಟೂ ಇರಲಿಲ್ಲ, ನಂಬರೂ ಇರಲಿಲ್ಲ. ಅವನಿಗೆ ಅದು ಗೊತ್ತಿರಲಿಲ್ಲ ಅಷ್ಟೇ.

"ನಾಲ್ಕಾಯ್ತು," ಅಂದ್ರು ಧಣಿ. ಕಾಗದವನ್ನೂ ಪೆನ್ನನ್ನೂ ದಮಯಂತಿಯಕ್ಕನ ಮುಂದೆ ತಳ್ಳಿದ್ರು. "ಸೈನ್ ಹಾಕು."

ಅಕ್ಕ ಪೆನ್ನು ಹಿಡಿದ್ರು. ಕಾಗದ ಹತ್ತಿರ ಎಳೆದುಕೊಂಡ್ರು.

"ಒಂದೇ ನಿಮಿಷ ಅಕ್ಕ! ಸೈನ್ ಹಾಕ್ಬೇಡಿ!"

ತೊಂಬತ್ತೊಂಬತ್ತು... ಓಪನ್ ಆಯ್ತು!

ಮಂಗಳವಾರ. ಹನ್ನೊಂದು ನಲವತ್ತು. ಕಂಪ್ಯೂಟರ್ ನಂಬರ್ ಐದು.

ಐದನೆಯದು ಇರುವುದು ಕ್ಯಾಬಿನ್ನಿನಲ್ಲಿ. ಧಣಿಯ ಮೇಜಿನ ಮೇಲೆ!

ಧಣಿಯದ್ದು ಒಂದು ಬೆರಳಿನ ಟೈಪಿಂಗ್. ಒಂದಕ್ಷರ ಒತ್ತುವುದು, ಮೇಲೆ ಬಂದ ಹೆಸರಿಗೆ ಎಂಟರ್ ಹೊಡೆಯುವುದು. 'ಎಂ' ಒತ್ತಿದಾಗ ಮಧ್ವರಾಜ ಬರಬೇಕಾದ ಜಾಗದಲ್ಲಿ ಅವತ್ತು ಮಯೂರ್ ಬಂದಿದ್ದ. ಅವ ಹೇಗೆ ಬಂದ? ಕೊನೆಗೆ ಯಾರಿಗೆ ಮೇಲ್ ಹೋಗಿದೆಯೋ ಅವರ ಹೆಸರೇ ಮೇಲೆ ಬರುವುದು. ಅದನ್ನೂ ಡಬ್ಬ ಬರೆದಿಟ್ಟಿತ್ತು. ಹಿಂದಿನ ದಿನ ಜಯೇಶ್ ಇದೇ ಹೆಸರಿನಲ್ಲಿ ಕೂತು ಕನ್ನಡ ಸಂಘದ ಯಕ್ಷಗಾನದ ಆಮಂತ್ರಣ ಮಯೂರನಿಗೆ ಕಳಿಸಿದ್ದ. ಧಣಿಯೂ ಮಯೂರನೂ ವ್ಯಾಪಾರದಲ್ಲಿ ಹಾವು ಮುಂಗುಸಿ, ಸಂಘದಲ್ಲಿ ಅಕ್ಕಪಕ್ಕದ ಕುರ್ಚಿ! ಕಳ್ಳತನ ಯಾರೂ ಮಾಡಿರಲಿಲ್ಲ.

"ಧಣಿ, ನಿಮಗೆ ಇದು ಗೊತ್ತಿತ್ತು."

"ಬುಧವಾರ ಗೊತ್ತಾಯ್ತು..." ತಲೆ ತಗ್ಗಿಸಿದ್ರು. "ಕಂಪನಿಯಲ್ಲಿ ಭಾವ ಪಾರ್ಟ್‌ನರ್ ಮಾರಾಯ. ಅವರಿಗೆ ಎಂತ ಹೇಳುದು? ನನ್ನ ಬೆರಳು ತಪ್ಪಿತು ಅಂತಲಾ?"

"ಅದಕ್ಕೆ ಅಕ್ಕನ ತಲೆ ಕೊಡುದಾ?"

ಥಟ್ಟನೆ ನನ್ನ ಕಡೆ ತಿರುಗಿದ್ರು.

"ಈ ಸೆಟ್ಟಿಂಗ್ ಮಾಡಿದ್ದು ಯಾರು? ನೀನೇ ಅಲ್ವಾ?"

ಹೌದಲ್ಲ!

ದಮಯಂತಿಯಕ್ಕ ಆ ಕಾಗದ ಹರಿದ್ರು. ಬೇರೆ ಹಾಳೆ ತಗೊಂಡು ಎರಡು ಸಾಲು ಬರೆದು ಸೈನ್ ಹಾಕಿದ್ರು. ಅದೂ ರಾಜೀನಾಮೆಯೇ!

"ಅಕ್ಕ! ಯಾಕೆ? ಗೆದ್ರಲ್ಲ ನೀವು!"

"ಎಂತ ಗೆದ್ದದ್ದು ಭುಜಂಗ?" ಕಣ್ಣು ಕೆಂಪಾಗಿತ್ತು, ಸ್ವರ ಅಲುಗಲಿಲ್ಲ. "ಬೆಳಿಗ್ಗೆಯಿಂದ ಇಷ್ಟು ಜನ ಇದ್ರು ಇಲ್ಲಿ. ದಮಯಂತಿ ಹಾಗೆ ಮಾಡುವವಳಲ್ಲ ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ. ನೀನೂ ಅಷ್ಟೇ. ಮೊದಲು ಕೇಳಿದ್ದು ಎಂತ? ನೀವು ಕಳಿಸಿದ್ರಾ ಅಂತ."

ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು.

"ಎಲ್ಲಾ ಕಂಪ್ಯೂಟರಿನಿಂದ ನನ್ನ ಹೆಸರು ತೆಗಿ. ಅಷ್ಟು ಮಾಡು."

ಊಟದ ಡಬ್ಬಿ, ಬ್ಯಾಗು ತಗೊಂಡು ಹೋಗಿಯೇಬಿಟ್ಟರು. ಯಾರೂ ತಡೆಯಲಿಲ್ಲ.

ಕೂತು ತೆಗೆದೆ. ಐದರಿಂದಲೂ. ಪರದೆ ಕೇಳಿತು, ಹೊಸ ಹೆಸರು ಯಾವುದು?

"ರಮಿತಾಳದ್ದು ಹಾಕು," ಅಂದ್ರು ಧಣಿ. ಏನೂ ಆಗದವರ ಹಾಗೆ! "ಅವಳೂ ಬೇಗ ಬರ್ತಾಳೆ."

ರಮಿತಾ ಸೇರಿ ಎರಡೇ ತಿಂಗಳು. ಅವಳ ಮುಖ ಬಿಳಿಚಿಕೊಂಡಿತು.

ನನಗೆ ಅಡಿಯಿಂದ ಮುಡಿಯ ತನಕ ಉರಿಯಿತು. ಕೀಬೋರ್ಡ್ ಎಳ್ಕೊಂಡೆ. ಐದಕ್ಕೂ ಹೊಡೆದೆ... ಲೋಕನಾಥ!

"ಇನ್ನು ಇಲ್ಲಿಂದ ಹೋಗುವ ಪ್ರತಿಯೊಂದು ಮೇಲ್ ನಿಮ್ಮ ಹೆಸರಿನಲ್ಲಿ ಧಣಿ. ಜಯೇಶ್ ಕಳಿಸಿದ್ರೂ ನಿಮ್ಮದೇ. ಸರಿಯಾದದ್ದೂ ನಿಮ್ಮದೇ, ತಪ್ಪಾದದ್ದೂ ನಿಮ್ಮದೇ."

ಧಣಿ ಜಯೇಶನನ್ನು ನೋಡಿದ್ರು. ಜೇಬಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು.

"ಐದು ಲೈಸೆನ್ಸ್ ತಗೋ. ಈಗಲೇ!"

ಎಂಟು ವರ್ಷ ಆಗದ ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು. ಒಬ್ಬ ಹೆಂಗಸಿನ ಹತ್ತೊಂಬತ್ತು ವರ್ಷ ಹೋಯ್ತು, ಅಷ್ಟೇ!