ನೀರು ತುಂಬದ ಹಬ್ಬ

2006, ಅಕ್ಟೋಬರ್ 21, ಶನಿವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ.

ಪರದೇಶದ ಊರೊಂದರ ಹೈರಿಡ್ಜ್ ಬಡಾವಣೆಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ನರಕ ಚತುರ್ದಶಿಯ ಎಣ್ಣೆ ಎಲ್ಲರ ನೆತ್ತಿಗೂ ಬಿದ್ದಾಗಿತ್ತು. ನಲ್ಲಿಯಲ್ಲಿ ಮಾತ್ರ ಒಂದು ಹನಿ ನೀರಿರಲಿಲ್ಲ. ಹಿಂದಿನ ಸಂಜೆ, ನೀರು ತುಂಬುವ ಹಬ್ಬಕ್ಕೆಂದು, ರುಕ್ಮಿಣಿ ಆಂಟಿ ಡ್ರಮ್ಮಿಗೆ ಸುಣ್ಣದ ಪಟ್ಟೆ ಎಳೆದು ಹೂ ಸುತ್ತಿ ಕಾದಿದ್ದರು. ನಲ್ಲಿ ಉಸಿರು ಬಿಟ್ಟಿತು, ನೀರು ಬಿಡಲಿಲ್ಲ. ಟ್ಯಾಂಕರಿನವನು ಫೋನ್ ಎತ್ತಲಿಲ್ಲ.

"ಎಣ್ಣೆ ಹಚ್ಕೊಂಡು ಸಂಜೆವರೆಗೂ ಕೂರೋಕಾಗತ್ತಾ? ಮಗಾಡಿ ಸರೋವರಕ್ಕೆ ಹೋಗೋಣ," ಎಂದರು ಅವರ ಗಂಡ ಬಾಲಕೃಷ್ಣ. "ಅಲ್ಲಿ ಬಿಸಿನೀರು ನೆಲದಿಂದಾನೇ ಬರತ್ತೆ. ದೀಪ ಹಚ್ಚೋ ಹೊತ್ತಿಗೆ ವಾಪಸ್."

ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ ಕೋಕಿಲಾ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಬಿಸಿನೀರಿನ ಬುಗ್ಗೆ ಎಂದ ಕೂಡಲೇ ಅವಳು ಥರ್ಮಾಮೀಟರನ್ನು ಚೀಲಕ್ಕೆ ಹಾಕಿಕೊಂಡಳು.

"ಸುಜಯ್‌ನೂ ಕರ್ದಿದೀನಿ ಕಣೇ," ಎಂದರು ಆಂಟಿ, ಅವಳ ಮುಖ ನೋಡದೆ. "ಜಪಾನಿನವರು ಮತ್ತೆ ಕರೀತಿದಾರಂತೆ, ಮೂರು ವರ್ಷಕ್ಕೆ. ಸೋಮವಾರ ಉತ್ತರ ಕೊಡ್ಬೇಕಂತೆ."

ಕೋಕಿಲಾ ಎಣ್ಣೆ ಬಟ್ಟಲನ್ನು ಕೆಳಗಿಟ್ಟಳು. ಸುಜಯ್ ಭೂಶಾಖದ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಆರು ತಿಂಗಳ ತರಬೇತಿ ಮುಗಿಸಿ ಜಪಾನಿನಿಂದ ಬಂದು ವಾರವಾಗಿತ್ತು. ಅವಳಿಗೆ ಒಂದು ಫೋನೂ ಮಾಡಿರಲಿಲ್ಲ. ಹೋಗುವ ಮುಂಚಿನ ಭಾನುವಾರಗಳಲ್ಲಿ ಇದೇ ಮನೆಯ ಬಾಲ್ಕನಿಯಲ್ಲಿ ಅವಳೊಡನೆ ಕಾಫಿ ಆರಿಹೋಗುವವರೆಗೆ ಹರಟುತ್ತಿದ್ದವನು.

ಬಾಗಿಲು ತಟ್ಟಿದ ಸದ್ದಾಯಿತು.

ಒಳಗೆ ಬಂದವನ ಕಣ್ಣು ಮೊದಲು ಅವಳ ಮೇಲೆ ಬಿತ್ತು, ಕ್ಷಣ ನಿಂತಿತು, ಆಮೇಲೆ ಅವಳ ಭುಜ ದಾಟಿ ಅಡುಗೆಮನೆಗೆ ಹೋಯಿತು. ಬತ್ತಿದ ನಲ್ಲಿಗೆ ಒಂದು ಗಂಟು ನೇತಾಡುತ್ತಿತ್ತು. ತೆಳು ಹತ್ತಿ ಬಟ್ಟೆ, ಮೇಲೆ ನೀಲಿ ಅಲೆಗಳ ಅಚ್ಚು. ಕೋಕಿಲಾ ಅದರಲ್ಲಿ ಶ್ರೀಖಂಡಕ್ಕೆ ಮೊಸರು ಕಟ್ಟಿದ್ದಳು.

ಜುಲೈನಲ್ಲಿ ಜಪಾನಿನಿಂದ ಅವನೇ ಕಳಿಸಿದ ಬಟ್ಟೆ ಅದು. ಜೊತೆಗೆ ಒಂದು ಚೀಟಿ: ಉಪಯೋಗಕ್ಕೆ ಬರಬಹುದು. ಆ ಚೀಟಿಯನ್ನು ಅವಳು ಲ್ಯಾಬಿನ ಸ್ಯಾಂಪಲ್ಲಿನಂತೆ ಬೆಳಕಿಗೆ ಹಿಡಿದು ನೋಡಿದ್ದಳು. ಬೇರೇನೂ ಸಿಗದೆ ಹೋದಾಗ ರೇಗಿ, ಉಪಯೋಗಕ್ಕೇ ಹಚ್ಚಿದ್ದಳು.

"ಉಪಯೋಗಕ್ಕೆ ಬಂತಲ್ಲ," ಎಂದ ಸುಜಯ್.

"ಮೊಸರು ಚೆನ್ನಾಗಿ ಇಳಿಯತ್ತೆ," ಎಂದಳು ಕೋಕಿಲಾ.

ಅವನು ನಕ್ಕ. ಆದರೆ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು, ತಪ್ಪೇನಾಯಿತೆಂದು ತಿಳಿಯಲಿಲ್ಲ. ಆಂಟಿ ಅವನನ್ನು ಕೂರಿಸಿ ತಲೆಗೆ ಎಣ್ಣೆ ತಟ್ಟುತ್ತಿದ್ದಾಗ, ಅವಳು ಮೊಸರನ್ನು ಡಬ್ಬಿಗೆ ಸುರಿದಳು. ಬಟ್ಟೆಯನ್ನು ಒಂದು ಲೋಟ ಕುಡಿಯುವ ನೀರಿನಲ್ಲಿ ಜಾಲಿಸಿ, ಹಿಂಡಿ, ಯಾರಿಗೂ ಕಾಣದಂತೆ ಚೀಲಕ್ಕೆ ಸೇರಿಸಿದಳು.

ಎನ್‌ಗಾಂಗ್ ಬೆಟ್ಟ ದಾಟಿದ ಮೇಲೆ ರಸ್ತೆ ಇಳಿಯುತ್ತಲೇ ಹೋಯಿತು. ಕಿವಿ ಗುಂಯ್ ಎಂದಿತು, ಗಾಳಿ ಬಿಸಿಯಾಯಿತು. ಹಿಂದಿನ ಸೀಟಿನಲ್ಲಿ ಅವರಿಬ್ಬರ ನಡುವೆ ಶ್ರೀಖಂಡದ ಡಬ್ಬಿ ಕುಳಿತಿತ್ತು.

"ಜಪಾನಲ್ಲಿ ಸ್ನಾನಗೀನ ಹೇಗೋ?" ಎಂದರು ಆಂಟಿ ಮುಂದಿನಿಂದ.

"ಭಾನುವಾರ ರೈಲು ಹತ್ತಿ ಒಂದು ಹಳ್ಳಿಗೆ ಹೋಗ್ತಿದ್ದೆ ಆಂಟಿ. ಗದ್ದೆ ನಡುವೆ ಮರದ ಮನೆ, ಒಳಗೆ ಬಿಸಿನೀರಿನ ಕೊಳ. ಮೊದಲು ಹೊರಗೆ ಕೂತು ಮೈ ಉಜ್ಜಿ ತೊಳ್ಕೊಬೇಕು. ಆಮೇಲೆ ಕೊಳಕ್ಕೆ ಇಳೀಬೇಕು."

"ತೊಳೆದಾದ ಮೇಲೆ ಇಳಿಯೋದ್ಯಾಕೆ?"

"ಸುಮ್ನೆ ಕೂರೋಕೆ."

"ಬಟ್ಟೆ?"

"ಇಲ್ಲ."

"ರಾಮ ರಾಮ!"

ಬಾಲಕೃಷ್ಣ ನಕ್ಕ ರಭಸಕ್ಕೆ ಕಾರು ಒಂದು ಮೇಕೆಯನ್ನು ಬಳಸಿಕೊಂಡು ಹೋಯಿತು.

"ಒಂದು ಸಣ್ಣ ಟವೆಲ್ ಮಾತ್ರ ಆಂಟಿ. ಅದೂ ಕೊಳದ ನೀರಿಗೆ ತಾಗೋ ಹಾಗಿಲ್ಲ. ಮಡಚಿ ತಲೆ ಮೇಲೆ ಇಟ್ಕೋಬೇಕು."

ಚೀಲದೊಳಗೆ ಕೋಕಿಲಾಳ ಬೆರಳು ಒದ್ದೆ ಬಟ್ಟೆಯನ್ನು ಮುಟ್ಟಿ ನಿಂತಿತು. "ತೆಳ್ಳಗಿರತ್ತಾ ಆ ಟವೆಲ್ಲು?"

"ತೆಳ್ಳಗೆ," ಎಂದ ಅವನು ಕಿಟಕಿಯ ಆಚೆ ನೋಡುತ್ತ. "ಮೊಸರು ಕಟ್ಟೋಕೂ ಆಗತ್ತೆ."

ಅವಳಿಗೆ ಕಾರಿನಿಂದ ಹಾರಿಬಿಡಬೇಕೆನಿಸಿತು.

"ಅಲ್ಲಿ ಟಿಕೆಟ್ ಕೊಡೋ ಅಜ್ಜಿ ಒಬ್ರಿದ್ರು," ಎಂದು ಅವನು ಮುಂದುವರಿಸಿದ. "ನಲವತ್ತೆರಡು ಡಿಗ್ರಿ ದಾಟಿದ ನೀರಲ್ಲಿ ಕೂತು ಜಮೀನಿನ ಮಾತು, ಮದುವೆ ಮಾತು ಆಡಬೇಡಿ ಅನ್ನೋರು. ತಲೆ ತಿರುಗಿ ಆಡಿದ ಮಾತಂತೆ, ನಿಲ್ಲಲ್ವಂತೆ."

"ಬುದ್ಧಿವಂತೆ," ಎಂದರು ಬಾಲಕೃಷ್ಣ. "ನಮಗೆ ಯಾರೂ ಹೇಳ್ಲಿಲ್ಲ ನೋಡು, ರುಕ್ಕು."

ಸರೋವರ ಬಂತು. ಅರ್ಧ ಬಿಳಿ, ಅರ್ಧ ಗುಲಾಬಿ. ನೀರೋ ಉಪ್ಪೋ ತಿಳಿಯದಂಥ ಹರವು. ದಕ್ಷಿಣದ ತುದಿಯಲ್ಲಿ ಬುಗ್ಗೆಗಳು ಸಣ್ಣಗೆ ಹಬೆಯಾಡುತ್ತಿದ್ದವು. ಬಾಲಕೃಷ್ಣ ಮನೆಯಿಂದ ತಂದಿದ್ದ ಪರದೆ ಕೋಲುಗಳನ್ನು ಕೊಳದ ನಡುವೆ ನೆಟ್ಟರು. ಆಂಟಿ ಅವಕ್ಕೆ ಎರಡು ಲೆಸೊ ಕಟ್ಟಿದರು, ಇಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತುವ ಬಣ್ಣದ ಬಟ್ಟೆಗಳು. ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಕೋಕಿಲಾ ಥರ್ಮಾಮೀಟರಿಗೆ ದಾರ ಕಟ್ಟಿ, ಕಲ್ಲಿಗೆ ಸುತ್ತಿ ನೀರಿಗೆ ಬಿಟ್ಟಳು.

"ಆಂಟಿ, ಇದು ವಾಷಿಂಗ್ ಸೋಡಾ ಇರೋ ನೀರು. ಮೈಯಲ್ಲಿ ಎಣ್ಣೆ ಇದೆ. ಎರಡೂ ಸೇರಿದ್ರೆ ಸಾಬೂನು."

"ಸೀಗೆಪುಡಿ ಉಳೀತು ಬಿಡು," ಎಂದು ಆಂಟಿ ನೈಟಿಯಲ್ಲೇ ಇಳಿದರು. ನಿಜಕ್ಕೂ ಮೈ ಮೀನಿನಂತೆ ಜಾರತೊಡಗಿತು. ಎರಡು ಬಾರಿ ಜಾರಿ, ಗಂಡನನ್ನು ಬೈದು, ಅವರು ಬೇಗನೆ ಎದ್ದು ಕಾರಿನ ನೆರಳಿಗೆ ಹೋದರು. "ರೀ, ಬನ್ನಿ, ಚಕ್ಕುಲಿ ತಿನ್ನಿ," ಎಂದು ಅವರು ಕೂಗಿದಾಗ ಆ ಕಡೆಯಿಂದಲೂ ಒಬ್ಬರು ಎದ್ದ ಸದ್ದಾಯಿತು.

ಉಳಿದದ್ದು ಒಂದು ಬಟ್ಟೆಯ ಗೋಡೆ.

"ಕೋಕಿಲಾ."

"ಹೂಂ."

"ಸಾಬೂನಾದ್ಯಾ?"

"ಅರ್ಧ."

"ಜಪಾನಲ್ಲಿ ಇಂಥ ಜಾರು ನೀರನ್ನ ಚೆಲುವೆಯರ ನೀರು ಅಂತಾರೆ."

"ಮತ್ತೆ ಗಂಡಸರು ಯಾಕೆ ಇಳೀತಾರೆ?"

"ಆಸೆ."

ಅವಳಿಗೆ ನಗು ಬಂತು. ಅದರ ಹಿಂದೆಯೇ ಬೆಳಗಿನ ಕಳವಳವೂ ಬಂತು. "ಸೋಮವಾರ ಏನಂತ ಉತ್ತರ ಕೊಡ್ತೀಯ?"

ನೀರು ಕದಡಿದ ಸದ್ದು. "ಗೊತ್ತಿಲ್ಲ."

"ಬಂದು ವಾರ ಆಯ್ತು. ನಿನಗೆ ನನ್ನ ನಂಬರ್ ಗೊತ್ತಿಲ್ವಾ?"

"ಟವೆಲ್ ಬಗ್ಗೆ ನೀನು ಒಂದಕ್ಷರ ಬರೀಲಿಲ್ಲ. ಇಷ್ಟ ಇಲ್ಲ ಅಂದ್ಕೊಂಡೆ."

"ಉಪಯೋಗಕ್ಕೆ ಬರಬಹುದು ಅಂತ ಬರೆದವನಿಗೆ ಏನು ಬರೀಲಿ? 'ಬಂತು' ಅಂತಾನಾ?"

ಗಾಳಿಗೆ ಲೆಸೊ ಉಬ್ಬಿ ಇಳಿಯಿತು.

"ಆ ಹಳ್ಳಿ ಕೊಳದಲ್ಲೂ ನಡುವೆ ಒಂದು ಗೋಡೆ ಇತ್ತು," ಎಂದ. "ವಯಸ್ಸಾದ ಗಂಡ ಹೆಂಡ್ತಿ ಬರೋರು. ಏಳೋ ಮುಂಚೆ ಗಂಡ ಗೋಡೆ ಈಚೆಯಿಂದ ಕೂಗೋರು, 'ನಾನು ಹೊರಟೆ' ಅಂತ. ಆ ಕಡೆಯಿಂದ 'ನಾನೂ' ಅಂತ ಬರೋದು. ಇಬ್ಬರೂ ಒಂದೇ ಹೊತ್ತಿಗೆ ಬಾಗಿಲಲ್ಲಿ. ಹೊರಗೆ ಮಳೆಯಲ್ಲಿ ಯಾರೂ ಯಾರಿಗೂ ಕಾಯೋ ಹಾಗಿಲ್ಲ."

"ಆಮೇಲೆ?"

"ಒಂದಿನ ಈ ಕಡೆ ನಾನೊಬ್ನೇ ಇದ್ದೆ. ನಾನೂ ಕೂಗಿದೆ. ಕನ್ನಡದಲ್ಲಿ. 'ಕೋಕಿಲಾ, ನಾನು ಹೊರಟೆ' ಅಂತ."

ಅವಳು ಲೆಸೊದತ್ತ ತಿರುಗಿದಳು.

"ಆ ಕಡೆ ಯಾರೋ ಅಜ್ಜಿ ನಕ್ರು. ಹೊರಗೆ ಬಂದು ಒಬ್ನೇ ನಿಂತೆ. ಅವತ್ತೇ ಅಲ್ಲಿನ ಒಂದು ಅಂಗಡೀಲಿ ಒಂದೇ ಥರದ ಎರಡು ಟವೆಲ್ ತಗೊಂಡೆ." ಅವನ ದನಿ ತಗ್ಗಿತು. "ಮೂರು ವರ್ಷ ಆ ಗೋಡೆ ಪಕ್ಕ ಒಬ್ನೇ ಕೂರೋಕಾಗಲ್ಲ. ನಿನ್ನ ಲ್ಯಾಬು ಬಿಟ್ಟು ಬಾ ಅಂತ ಕೇಳೋಕೆ ಬಾಯೂ ಬರಲ್ಲ. ಅದಕ್ಕೇ ಫೋನ್ ಮಾಡ್ಲಿಲ್ಲ."

ಲ್ಯಾಬಿನಲ್ಲಿ ಅವಳ ಕೆಲಸ ಮಾತ್ರೆಗಳನ್ನು ಬೆಚ್ಚನೆಯ ನೀರಿಗೆ ಬಿಟ್ಟು, ಕರಗುವವರೆಗೆ ಕಾಯುವುದು. ಕೆಲವು ಅಂಚಿನಿಂದ ಮೆಲ್ಲಗೆ ಸವೆಯುತ್ತವೆ. ಕೆಲವು ಬಹಳ ಹೊತ್ತು ಏನೂ ಆಗದಂತೆ ಕುಳಿತಿದ್ದು, ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ.

ಅವಳು ದಡದ ಚೀಲಕ್ಕೆ ಕೈಚಾಚಿ ಬಟ್ಟೆ ತೆಗೆದಳು, ಮಡಚಿ ನೆತ್ತಿಯ ಮೇಲಿಟ್ಟುಕೊಂಡಳು. ಮೊಸರಿನ ವಾಸನೆ ಇನ್ನೂ ಹೋಗಿರಲಿಲ್ಲ. ನೀರಿನಿಂದ ಎದ್ದು ನಿಂತಳು. ಲೆಸೊದ ಮೇಲಂಚಿನಲ್ಲಿ ನೀಲಿ ಅಲೆಗಳು ಮೂಡಿದ್ದು ಅವನಿಗೆ ಕಂಡಿರಬೇಕು. ಆ ಕಡೆ ನೀರಿನ ಸದ್ದು ಪೂರ್ತಿ ನಿಂತಿತು.

"ಸುಜಯ್," ಎಂದು ಕೂಗಿದಳು, ಕಾರಿನವರೆಗೂ ಕೇಳುವಷ್ಟು ಜೋರಾಗಿ. "ನಾನು ಹೊರಟೆ!"

ಜಾರಿ ಬಿದ್ದ ಸದ್ದು. ಮತ್ತೆ ಎದ್ದ ಸದ್ದು.

"ನಾನೂ!"

ಬಟ್ಟೆಯ ಗೋಡೆ ಮುಗಿಯುವಲ್ಲಿ ಇಬ್ಬರೂ ಒಟ್ಟಿಗೆ ಬಂದರು. ಅವನ ಮೊಣಕೈ ತರಚಿತ್ತು, ನೆನೆದ ಅಂಗಿಯಲ್ಲಿ ನೊರೆ. ಅವನ ಕಣ್ಣು ಅವಳ ನೆತ್ತಿಯಿಂದ ನಿಧಾನವಾಗಿ ಕಣ್ಣಿಗಿಳಿಯಿತು.

"ಸೋಮವಾರ ಬರೆಯುವಾಗ ಇಬ್ಬರು ಅಂತ ಬರಿ," ಎಂದಳು. "ಅಲ್ಲೂ ಲ್ಯಾಬ್‌ಗಳಿರತ್ವೆ. ಹುಡುಕ್ಕೊಳ್ತೀನಿ."

"ತಲೆ ತಿರುಗಿ ಆಡಿದ ಮಾತಲ್ಲ ತಾನೇ?"

ಕೋಕಿಲಾ ಬಗ್ಗಿ ದಾರ ಎಳೆದಳು. ಪಾದರಸದ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಓದಿದಳು. ಆಮೇಲೆ ಅವನ ಕೈಗೆ ಕೊಟ್ಟು ಅವನಿಂದಲೂ ಓದಿಸಿದಳು.

40.5 ಡಿಗ್ರಿ ಸೆಲ್ಸಿಯಸ್.