ಆರು ಹತ್ತಕ್ಕೆ ನಿಲ್ಲುವ ಗಣಕ

ಸಾಯಂಕಾಲ ಆರು ಗಂಟೆ ಹತ್ತು ನಿಮಿಷಕ್ಕೆ ಕೊಟ್ರೇಶನ ಮನೆಗಣಕ ಆ ತಿಂಗಳಲ್ಲಿ ಹದಿನೇಳನೆಯ ಸಲ ನಿಂತುಹೋಯಿತು.

ಮೊದಲು, ಅಡುಗೆಮನೆಯಿಂದ ಕೋಣೆಗಳಿಗೆ ಹಳಿಯ ಮೇಲೆ ಓಡಾಡುವ ತಟ್ಟೆಬಂಡಿ ನಡುಮನೆಯಲ್ಲಿ ಗಕ್ಕನೆ ನಿಂತು ಚಹಾ ತುಳುಕಿಸಿತು. ಆಮೇಲೆ ಒಲೆ ಆರಿತು, ಫ್ಯಾನು ನಿಂತಿತು, ಮೂರು ಕೋಣೆಗಳ ತೆರೆಗೋಡೆಗಳು ಒಟ್ಟಿಗೆ ಕಪ್ಪಾದವು. ಕಟ್ಟಕಡೆಗೆ ಗಣಕ, ಮದುವೆಮನೆಯಲ್ಲಿ ಊಟ ಮುಗಿದುಹೋಯಿತೆಂದು ಹೇಳಲು ಬಂದವನ ದನಿಯಲ್ಲಿ, "ಕ್ಷಮಿಸಿ, ಸ್ವಲ್ಪ ಹೊತ್ತು" ಎಂದು ಮಾತು ನಿಲ್ಲಿಸಿತು. ಒಮ್ಮೆ ನಿಂತ ಗಣಕ ತಣ್ಣಗಾಗಿ ಮತ್ತೆ ಏಳಲು ಇಪ್ಪತ್ತೈದು ನಿಮಿಷ ಬೇಕು. ಅದು ಕಂಪನಿಯ ನಿಯಮ.

ಕೋಣೆಗಳ ಬಾಗಿಲು ತೆರೆದವು. ದಾವಣಗೆರೆಯ ಮೆಕ್ಕೆಜೋಳವನ್ನು ಕೋಣೆಯಿಂದ ಕದಲದೆ ಮೂರು ದೇಶಗಳಿಗೆ ಮಾರುತ್ತಿದ್ದ ಕೊಟ್ರೇಶ ಬನಿಯನ್ನಿನಲ್ಲೇ ಹೊರಬಂದ. ಗೋಡೆಯ ಮೇಲೆ ಮೂಡುವ ಬಾಯಿಗಳಿಂದ ಹಲ್ಲು ಕಿತ್ತು ದಂತವೈದ್ಯಕೀಯ ಕಲಿಯುತ್ತಿದ್ದ ಮಗಳು ಇಂಚರ, ಇಕ್ಕಳ ಹಿಡಿದ ಭಂಗಿಯಲ್ಲೇ ಬಂದಳು. ಕೊಟ್ರೇಶನ ತಾಯಿ ಹಾಲಮ್ಮ ಮುನ್ನೂರು ಮಂದಿ ಮುದುಕಿಯರ ಭಜನಾ ಮಂಡಳಿಯನ್ನು ಅರ್ಧ ಪದದಲ್ಲಿ ಬಿಟ್ಟು ಬಂದರು.

"ಏ ದಾಕ್ಷಿ, ಮತ್ತೆ ಹೋತೇನೇ?"

"ಹೋತು ಅತ್ತೆ" ಎಂದಳು ದಾಕ್ಷಾಯಣಿ. ಆಗಲೇ ಬುಟ್ಟಿಗೆ ಮಂಡಕ್ಕಿ ಸುರಿದು, ಈರುಳ್ಳಿ ಹೆಚ್ಚಿ, ಪುಟಾಣಿ ಪುಡಿ ಉದುರಿಸಿ, ಹಸಿ ಎಣ್ಣೆ ಹಾಕಿ ಕಲಸುತ್ತಿದ್ದಳು. ಒಲೆ ಬೇಡದ, ಗಣಕ ಬೇಡದ ತಿಂಡಿಯೆಂದರೆ ಆ ಮನೆಯಲ್ಲಿ ಅದೊಂದೇ.

ನಾಲ್ವರೂ ನೆಲದ ಮೇಲೆ ಕುಳಿತು, ಒಂದೇ ಬುಟ್ಟಿಗೆ ಕೈ ಹಾಕಿದರು. ಕೊಟ್ರೇಶ ಕಂಪನಿಯನ್ನು ಬೈದ. ಹಾಲಮ್ಮ ಮಗನನ್ನು ಬೈದರು. ಇಂಚರ ಅಜ್ಜಿಯ ಬಾಯಿ ತೆರೆಸಿ, ಉಳಿದಿರುವ ಆರು ಹಲ್ಲಲ್ಲಿ ಯಾವುದನ್ನು ಮೊದಲು ಕೀಳಬೇಕೆಂದು ವಿವರಿಸಿದಳು. "ಮೊದ್ಲು ನಿಮ್ಮಪ್ಪಂದು ಕೀಳು, ಬರೀ ಬೈಯೋಕೆ ಬಳಸ್ತಾನೆ" ಎಂದರು ಹಾಲಮ್ಮ. ದಾಕ್ಷಾಯಣಿ ನಕ್ಕಳು. ಅವಳು ದಿನಕ್ಕೆ ಅಷ್ಟೇ ನಗುತ್ತಿದ್ದುದು.

ಇಪ್ಪತ್ತೈದು ನಿಮಿಷಕ್ಕೆ ಸರಿಯಾಗಿ ಫ್ಯಾನು ತಿರುಗಿತು. ಮೂವರೂ ಎದ್ದು, ಕೈ ಒರೆಸಿಕೊಂಡು, ಮೂರು ಬಾಗಿಲು ಹಾಕಿಕೊಂಡರು. ಬುಟ್ಟಿಯ ತಳದಲ್ಲಿ ಉಳಿದ ಈರುಳ್ಳಿಯನ್ನು ಆರಿಸುತ್ತ ದಾಕ್ಷಾಯಣಿ ಮನಸ್ಸಿನಲ್ಲೇ ಬೇಡಿಕೊಂಡಳು: ದೇವರೇ, ಇದು ರಿಪೇರಿ ಆಗದೇ ಇರಲಿ. ಬೇಡಿಕೊಂಡ ತಕ್ಷಣ ನಾಚಿಕೆಯೂ ಆಯಿತು. ಗಂಡನ ಕೆಲಸ, ಮಗಳ ಓದು, ಅತ್ತೆಯ ದೇವರು, ಮೂರೂ ಕೆಡಲಿ ಎಂದು ಯಾವ ಹೆಂಗಸು ಬೇಡುತ್ತಾಳೆ?

ರಿಪೇರಿಗೆ ಯಾರೂ ಬರಲಿಲ್ಲವೆಂದಲ್ಲ. ಮೊದಲನೆಯವನು ವೋಲ್ಟೇಜು ಸರಿಯಿಲ್ಲವೆಂದು ಸ್ಟೆಬಿಲೈಸರ್ ಬದಲಿಸಿದ. ಎರಡನೆಯವನು ಧೂಳೆಂದು ಗಣಕದ ಹೊಟ್ಟೆ ಬಗೆದು ಎರಡು ಹಲ್ಲಿಮೊಟ್ಟೆ, ಇಂಚರ ಎರಡು ವರ್ಷದ ಹಿಂದೆ ಕಳೆದುಕೊಂಡಿದ್ದ ಒಂದು ಕಾಲ್ಗೆಜ್ಜೆ ಹೊರತೆಗೆದ. ಮೂರನೆಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ. ಹಾಲಮ್ಮನವರಿಗೆ ಸಕ್ಕರೆ ಕಾಯಿಲೆ ಎಂಬುದನ್ನು ಗಣಕ ಮರೆತು, ಮೂರು ದಿನ ಸಿಹಿ ಚಹಾ ಕೊಟ್ಟಿತು. ಅಷ್ಟು ಒಳ್ಳೆಯ ಮೆಕ್ಯಾನಿಕ್ಕನ್ನು ತಾವು ಕಂಡಿಲ್ಲವೆಂದು ಹಾಲಮ್ಮ ಈಗಲೂ ಹೇಳುತ್ತಾರೆ. ಅಷ್ಟಾದರೂ ಗಣಕ ಮಾತ್ರ ನಿಲ್ಲುವುದನ್ನು ನಿಲ್ಲಿಸಲಿಲ್ಲ.

ಕೊನೆಗೆ ಅದನ್ನು ರೂಪಿಸಿದ ವಿಜ್ಞಾನಿ ಡಾ. ಜಂಬುನಾಥರೇ ಬಂದರು. ಬಿಳಿ ಅಂಗಿ, ಕಂಕುಳಲ್ಲಿ ಚೀಲ, ಮುಖದ ಮೇಲೆ ತಮ್ಮ ಮಗನ ಮೇಲೆ ಯಾರೋ ಚಾಡಿ ಹೇಳಿದಂಥ ಭಾವ.

"ಇದು ಅಂಥಿಂಥ ಗಣಕ ಅಲ್ರೀ ಕೊಟ್ರೇಶಪ್ಪ" ಎಂದರು ಅವರು. "ಇದರೊಳಗೆ ಇಚ್ಛಾಗ್ರಾಹಿ ಅಂತ ಒಂದು ಅಂಗ ಐತಿ. ನೀವು ಹೆಜ್ಜೆ ಹಾಕೋ ರೀತಿ, ಉಸಿರು ಬಿಡೋ ರೀತಿ, ಚಮಚ ಎಷ್ಟು ಹೊತ್ತು ಕೈಯಲ್ಲಿ ಹಿಡ್ಕೊಂಡು ಕೂತ್ರಿ, ಎಲ್ಲ ನೋಡಿ ನಿಮಗೇನು ಬೇಕು ಅಂತ ತಿಳ್ಕಂತತಿ. ಹೇಳಿದ್ದು ಮಾಡೋದು ಆಳು. ಹೇಳದೇ ಇದ್ದದ್ದು ಮಾಡೋದು ನಮ್ಮ ಗಣಕ."

"ಹೇಳದೇನೇ ನಿಲ್ತತಲ್ರೀ, ಅದೇ ತೊಂದ್ರೆ" ಎಂದ ಕೊಟ್ರೇಶ.

ಜಂಬುನಾಥರು ಕಳಚು ವಿಧಾನ ಹಿಡಿದರು. ಅದು ಸರಳ. ಒಂದೊಂದೇ ಭಾಗವನ್ನು ಕಳಚಿ ಹೊರಗಿಡಬೇಕು. ಯಾವುದನ್ನು ಕಳಚಿದಾಗ ಗಣಕ ನಿಲ್ಲುವುದಿಲ್ಲವೋ ಅದೇ ದೋಷ. ಸ್ಟೆಬಿಲೈಸರ್ ಕಳಚಿದರು, ಗಣಕ ನಿಂತಿತು. ತಟ್ಟೆಬಂಡಿ ಕಳಚಿದರು, ನಿಂತಿತು. ಕಳಚುವಂಥ ಯಂತ್ರಭಾಗ ಏನೂ ಉಳಿಯದಾದಾಗ ಅವರು ಕನ್ನಡಕ ಒರೆಸಿಕೊಂಡು ಮನೆಯವರ ಮುಖ ನೋಡಿದರು.

ಕೊಟ್ರೇಶ ಎರಡು ದಿನ ಹರಿಹರಕ್ಕೆ ಹೋಗಿ ಬಂದ. ಗಣಕ ನಿಂತಿತು. ಹಾಲಮ್ಮ ಮಲೇಬೆನ್ನೂರಿನ ಮಗಳ ಮನೆಗೆ ಹೋಗಿ ಬಂದರು, ಇಂಚರ ಗೆಳತಿಯ ಮನೆಯಲ್ಲಿದ್ದು ಬಂದಳು. ಆಗಲೂ ನಿಂತಿತು. ಆಮೇಲೆ ದಾಕ್ಷಾಯಣಿ ರಾಣೆಬೆನ್ನೂರಿನ ತಂಗಿ ಸರ್ವಮಂಗಳೆಯ ಮನೆಗೆ ಹೋದಳು.

ನಾಲ್ಕನೆಯ ದಿನ ಗಂಡನ ಫೋನು ಬಂತು.

"ದಾಕ್ಷಿ! ನಾಲ್ಕು ದಿನ ಆತು, ಒಂದ್ಸಲನೂ ನಿಂತಿಲ್ಲ!" ಇಂಚರ ಹುಟ್ಟಿದಾಗಲೂ ಅವನ ದನಿಯಲ್ಲಿ ಅಷ್ಟು ಸಂತೋಷ ಕೇಳಿದ ನೆನಪು ಅವಳಿಗಿರಲಿಲ್ಲ.

"ಹಾಗಾದ್ರೆ ನಾನು ಬರ್ಲಾ?"

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಡಾಕ್ಟ್ರು ಇನ್ನೊಂದೆರಡು ದಿನ ನೋಡೋಣ ಅಂತಾರೆ."

ಡಾಕ್ಟ್ರು ಹಾಗೆ ಅಂದಿರಲಿಲ್ಲ. ಗಂಡ ಸುಳ್ಳು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾನೆಂಬುದು ಇಪ್ಪತ್ತಾರು ವರ್ಷದಿಂದ ದಾಕ್ಷಾಯಣಿಗೆ ಗೊತ್ತು. ಫೋನು ಇಟ್ಟು, ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದಳು.

ಮಾರನೆಯ ದಿನ ಸಂಜೆ ಆರು ಹತ್ತಕ್ಕೆ, ಸರ್ವಮಂಗಳೆಯ ಮನೆಯಲ್ಲಿ ಮೂರು ವರ್ಷದಿಂದ ಒಮ್ಮೆಯೂ ಕಣ್ಣು ಮುಚ್ಚದಿದ್ದ ಅದೇ ಕಂಪನಿಯ ಗಣಕ "ಕ್ಷಮಿಸಿ, ಸ್ವಲ್ಪ ಹೊತ್ತು" ಎಂದಿತು.

"ಅಕ್ಕಾ, ನಿನ್ನ ಬೆನ್ನ ಹಿಂದೇನೇ ಬಂತಲ್ಲೇ ಇದು!" ಎಂದು ಸರ್ವಮಂಗಳೆ ಕೋಣೆಯಿಂದ ಹೊರಬಂದಳು. ಅವಳ ಗಂಡ ಬಂದ, ಇಬ್ಬರು ಮಕ್ಕಳು ಬಂದರು. ಐದು ದಿನದಲ್ಲಿ ದಾಕ್ಷಾಯಣಿ ಅವರನ್ನೆಲ್ಲ ಒಟ್ಟಿಗೆ ನೋಡಿದ್ದು ಆಗಲೇ. ಯಾರೋ ಬಾಗಿಲ ಮುಂದೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದರು. ತಂಗಿ ಎಂದಿನಂತೆ ಮೋಸ ಮಾಡಿ ಗೆದ್ದಳು.

ಸುದ್ದಿ ಕೇಳಿ ಜಂಬುನಾಥರು ಮರುದಿನ ಬೆಳಗ್ಗೆಯೇ ಓಡಿಬಂದರು. ಎರಡು ಗಣಕಗಳ ಒಳದಾಖಲೆಗಳನ್ನೂ ಜಗುಲಿಯ ಮೇಲೆ ಹರಡಿಕೊಂಡು ಮಧ್ಯಾಹ್ನದವರೆಗೆ ಓದಿದರು. ಆಮೇಲೆ "ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ" ಎಂದರು.

ದಾಕ್ಷಾಯಣಿ ಸೆರಗಿಗೆ ಕೈ ಒರೆಸುತ್ತ ಬಂದಳು. "ನಾನೇನಾದ್ರೂ ಮುಟ್ಟಬಾರದ್ದು ಮುಟ್ಟಿದೆನಾ ಸಾರ್?"

"ಕೂತ್ಕೊಳ್ರಿ. ಗಣಕ ಒಬ್ಬೊಬ್ಬರಿಗೆ ಒಂದೊಂದು ಪುಟ ಇಟ್ಟಿರ್ತತಿ. ಕೇಳಿದ್ದೆಲ್ಲ ಅದರಲ್ಲಿ ಬರೀತತಿ. ಮನೇಲಿ ಗಣಕ ಅಳಿಸಿದ್ರೂ ಪುಟ ಕಂಪನೀಲಿ ಉಳೀತತಿ. ಇದು ನಿಮ್ಮತ್ತೇರ ಪುಟ. ಮೂರು ವರ್ಷದಲ್ಲಿ ಹನ್ನೊಂದು ಸಾವಿರ ಬೇಡಿಕೆ."

"ಅವರಿಗೆ ವಯಸ್ಸಾಗೇತಿ ಸಾರ್."

"ಇದು ನಿಮ್ಮ ಪುಟ."

ಪುಟ ಖಾಲಿಯಿತ್ತು.

"'ನಿಮಗೇನು ಬೇಕು' ಅಂತ ಗಣಕ ದಿನಾ ಕೇಳೇತಿ. ನೀವು ದಿನಾ 'ನನಗೇನೂ ಬೇಡ' ಅಂದೀರಿ. ಬೇರೆಯವರ ಪುಟ ತುಂಬಿರ್ತತಿ, ಅದನ್ನ ಪೂರೈಸೋದ್ರಲ್ಲೇ ಇಚ್ಛಾಗ್ರಾಹಿಗೆ ಸಾಕಾಗ್ತತಿ. ನಿಮ್ಮದು ಖಾಲಿ. ಆದ್ರೆ ಖಾಲಿ ಪುಟ ಅಂದ್ರೆ ಇಚ್ಛಾಗ್ರಾಹಿಗೆ ಸಮಾಧಾನ ಇಲ್ಲ, ನಾನು ಹಾಗೇ ಮಾಡೀನಿ ಅದನ್ನ. ಅದು ನಿಮ್ಮನ್ನ ನೋಡಕ್ಕೆ ಶುರು ಮಾಡ್ತು. ಮೂರು ಕೋಣೆಗೆ ತಟ್ಟೆ ಕಳಿಸಿ, ನೀವು ಆ ಬಾಗಿಲುಗಳ ಕಡೆ ಎಷ್ಟು ಹೊತ್ತು ನೋಡ್ತೀರಿ ಅಂತ ಲೆಕ್ಕ ಹಾಕ್ತು. ಒಂದ್ಸಲ ಮಾತ್ರ, ಸಂಜೆ ಆರು ಹತ್ತಕ್ಕೆ, ನಿಜವಾಗ್ಲೂ ಕರೆಂಟು ಹೋಗಿ ಗಣಕ ನಿಂತಿತ್ತು. ಆಗ ಎಲ್ಲರೂ ಹೊರಗೆ ಬಂದ್ರು, ನೀವು ನಕ್ಕಿರಿ. ಅದನ್ನ ಬರ್ಕಂಡೇತಿ ನೋಡ್ರಿ." ಅವರು ಬೆರಳಿಟ್ಟು ತೋರಿಸಿದರು. "ಆವತ್ತಿನಿಂದ ನಿಮಗೆ ಬೇಕಾದ್ದನ್ನ ಕೊಡಕ್ಕೆ ಅದಕ್ಕೆ ಗೊತ್ತಿದ್ದ ದಾರಿ ಒಂದೇ. ತಾನೇ ನಿಲ್ಲೋದು. ನೀವು ಇಲ್ಲಿಗೆ ಬಂದ ಮೇಲೆ, ನಾಲ್ಕು ದಿನ ಬಿಟ್ಟು ನಿಮ್ಮ ಪುಟನೂ ಹಿಂದೆ ಬಂತು. ಅದು ಮನುಷ್ಯರ ಜೊತೆ ಹೋಗ್ತತಿ."

ದಾಕ್ಷಾಯಣಿಯ ಮುಖಕ್ಕೆ ರಕ್ತ ನುಗ್ಗಿತು. ತುಂಬಿದ ಸಂತೆಯಲ್ಲಿ ಯಾರೋ ಸೆರಗು ಎಳೆದಂತಾಯಿತು. ಅದರ ಹಿಂದೆಯೇ, ಈ ಭೂಮಿಯ ಮೇಲೆ ತನ್ನ ಮುಖವನ್ನು ಇಷ್ಟು ಗಮನವಿಟ್ಟು ನೋಡಿದ್ದು ಒಂದು ತಗಡಿನ ಡಬ್ಬಿಯೇ ಎಂಬುದೂ ಹೊಳೆಯಿತು.

"ಇದನ್ನ ಮನೇಲಿ ಹೇಳಬೇಡ್ರಿ ಸಾರ್."

"ಹೇಳದೆ ಹೆಂಗಮ್ಮ? ನನ್ನ ಗಣಕದ ಮೇಲಿನ ಅಪವಾದ ಹೋಗಬೇಕಲ್ಲ!" ಎಂದರು ಜಂಬುನಾಥರು. ಸಂತೋಷಕ್ಕೆ ಅವರ ಕಣ್ಣಲ್ಲಿ ನೀರಿತ್ತು. ಗಣಕ ಕೆಟ್ಟಿರಲಿಲ್ಲ.

ದಾವಣಗೆರೆಯ ಮನೆಯಲ್ಲಿ ಅವರು ವರದಿ ಓದಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ದಾಕ್ಷಾಯಣಿ ಅಡುಗೆಮನೆಯ ಬಾಗಿಲಿಗೆ ಒರಗಿ, ತನ್ನ ಕಾಲುಂಗುರ ನೋಡುತ್ತ ನಿಂತಿದ್ದಳು. ಆ ಮೌನ ಮೂರು ನಿಮಿಷ ಇದ್ದಿದ್ದರೆ ಈ ಕಥೆ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ.

"ಅಂದ್ರೆ ಮಷೀನು ಕೆಟ್ಟಿಲ್ಲ?" ಎಂದ ಕೊಟ್ರೇಶ.

"ಇಲ್ಲ."

"ಹಂಗಾದ್ರೆ ಸರಿಮಾಡೋದು ಸುಲಭ!"

"ಏನೇ ದಾಕ್ಷಿ," ಎಂದರು ಹಾಲಮ್ಮ, "ಬಾಯಿ ಬಿಟ್ಟು ಹೇಳಬಾರದಿತ್ತೇನೇ? ನಾವೇನು ಹುಲಿನಾ, ಕರಡಿನಾ?" ಅವರ ಕಣ್ಣು ತೇವವಾಗಿತ್ತು. ಆದರೆ ಭಜನೆಯ ಹೊತ್ತಾಗಿತ್ತು.

ಇಂಚರ ಓಡಿಬಂದು ತಬ್ಬಿಕೊಂಡಳು. "ಅಮ್ಮಾ, ಸಾರಿ ಅಮ್ಮಾ. ಇನ್ಮೇಲೆ ದಿನಾ ಆರು ಗಂಟೆಗೆ ಬಂದು ನಿನ್ನ ಹತ್ರ ಕೂತ್ಕೊತೀನಿ. ಪ್ರಾಮಿಸ್." ಮರೆಯದಿರಲೆಂದು ಅಲ್ಲೇ ನಿಂತು, ಆರು ಗಂಟೆಗೆ ನೆನಪಿಸುವಂತೆ ಗಣಕಕ್ಕೆ ಹೇಳಿದಳು.

ಜಂಬುನಾಥರು ಚೀಲದಿಂದ ಉಪಕರಣ ತೆಗೆದರು. "ಮಾಡೋದು ಇಷ್ಟೇ. ಇವರ ಪುಟದಲ್ಲಿ 'ಹೇಳಿದ್ದೇ ಅಂತಿಮ' ಅಂತ ಬರೀತೀನಿ. ಆಮೇಲೆ ಗಣಕ ಇವರ ಮನಸ್ಸಿಗೆ ಕೈ ಹಾಕಲ್ಲ. ಆದ್ರೆ ಇವರ ಒಪ್ಪಿಗೆ ಬೇಕು. ಏನಮ್ಮಾ? ನಿಮಗೆ ಹೆಂಗೆ ಬೇಕು ಹೇಳ್ರಿ. ಇದು ಹಿಂಗೇ ಇರ್ಲಾ?"

ಎಲ್ಲರೂ ಅವಳ ಕಡೆ ನೋಡಿದರು. ಗಂಡ ನೋಡಿದ, ಗೋಡೆಯ ಮೇಲಿನ ಗಡಿಯಾರವನ್ನೂ ನೋಡಿದ. ದಾಕ್ಷಾಯಣಿ ಬಾಯಿ ತೆರೆದಳು. ಇಪ್ಪತ್ತಾರು ವರ್ಷದ ಅಭ್ಯಾಸ ಅವಳಿಗಿಂತ ಮುಂಚೆ ಮಾತಾಡಿತು.

"ನನಗೇನೂ ಬೇಡ ಸಾರ್. ಅವರಿಗೆ ತೊಂದ್ರೆ ಆಗದಿದ್ರೆ ಸಾಕು."

ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಇಷ್ಟು ದಿನ ಪಟ್ಟ ಪಾಡಿಗೆ ಪರಿಹಾರವಾಗಿ ಜಂಬುನಾಥರು ಒಂದೊಂದು ಕೋಣೆಗೂ, ತಟ್ಟೆಬಂಡಿಗೂ, ಗಣಕಕ್ಕೂ ಬೇರೆಬೇರೆ ಬ್ಯಾಟರಿ ಪುಕ್ಕಟೆಯಾಗಿ ಕೂರಿಸಿ ಹೋದರು.

ಗಣಕ ಮತ್ತೆ ನಿಲ್ಲಲಿಲ್ಲ. ಮೊದಲ ವಾರ ಇಂಚರ ಆರಕ್ಕೆ ಸರಿಯಾಗಿ ಬಂದಳು. ಎರಡನೆಯ ವಾರ ಎರಡು ದಿನ ಬಂದಳು. ಮೂರನೆಯ ವಾರದಿಂದ ದಿನಾ ಆರು ಗಂಟೆಗೆ ಅವಳ ಕೋಣೆಯಲ್ಲಿ ಗಂಟೆ ಬಾರಿಸುವುದು, "ನಾಳೆ" ಎಂದು ಅವಳು ಹೇಳುವುದು, ಗಂಟೆ ಸುಮ್ಮನಾಗುವುದು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಒಂದು ಸಂಜೆ ದಾಕ್ಷಾಯಣಿ ಸ್ಟೂಲು ಹತ್ತಿ ಮೀಟರು ಪೆಟ್ಟಿಗೆ ತೆರೆದಳು. ನಾಲ್ಕು ಮಂದಿ ರಿಪೇರಿಯವರು ಕೆಲಸ ಮಾಡುವುದನ್ನು ಚಹಾ ಕೊಟ್ಟು ನೋಡಿದ್ದ ಅವಳಿಗೆ ಯಾವ ಫ್ಯೂಸು ಯಾವುದೆಂದು ಬಾಯಿಪಾಠವಾಗಿತ್ತು. ಆರು ಹತ್ತು ಆಗುವವರೆಗೂ ಕಾದು, ದೊಡ್ಡದನ್ನು ಕಿತ್ತಳು.

ಅಡುಗೆಮನೆಯ ದೀಪ ಆರಿತು. ಒಲೆ ಆರಿತು. ಅವಳು ಬೇಗಬೇಗ ಇಳಿದು, ಬುಟ್ಟಿಗೆ ಮಂಡಕ್ಕಿ ಸುರಿದು, ಕಿಟಕಿಯ ಬೆಳಕಿನಲ್ಲಿ ಈರುಳ್ಳಿ ಹೆಚ್ಚಿ, ಎಣ್ಣೆ ಹಾಕಿ ಕಲಸಿದಳು. ನಡುಮನೆಯ ನೆಲದ ಮೇಲೆ ಬುಟ್ಟಿ ಇಟ್ಟು, ಕಾಲು ಮಡಚಿ ಕುಳಿತು, ಬಾಗಿಲುಗಳ ಕಡೆ ನೋಡಿದಳು.

ಒಂದು ಬಾಗಿಲಿನ ಹಿಂದೆ ಮೆಕ್ಕೆಜೋಳದ ದರ ಕೂಗುತ್ತಿತ್ತು. ಇನ್ನೊಂದರ ಹಿಂದೆ ಭಜನೆ. ಮತ್ತೊಂದರ ಹಿಂದೆ ಯಾರದೋ ಹಲ್ಲು ಕಿರಗುಟ್ಟುತ್ತಿತ್ತು. ಕರೆಂಟು ಹೋದದ್ದು ಅವರಿಗೆ ತಿಳಿಯಲೇ ಇಲ್ಲ.

ತಟ್ಟೆಬಂಡಿ ತನ್ನ ಬ್ಯಾಟರಿಯ ಮೇಲೆ ಸರಸರ ಬಂತು. ಬುಟ್ಟಿಯಿಂದ ಮಂಡಕ್ಕಿಯನ್ನು ಮೂರು ಬಟ್ಟಲಿಗೆ ಅಚ್ಚುಕಟ್ಟಾಗಿ ತುಂಬಿಕೊಂಡು, ಮೂರು ಬಾಗಿಲಿಗೆ ಒಯ್ದು ಕೊಟ್ಟಿತು. ಬಾಗಿಲುಗಳು ಒಂದು ಕೈ ತೂರುವಷ್ಟು ತೆರೆದು ಮುಚ್ಚಿಕೊಂಡವು. ಸ್ವಲ್ಪ ಹೊತ್ತಿಗೆ ಖಾಲಿ ಬಟ್ಟಲುಗಳು ವಾಪಸ್ಸು ಬಂದವು.

"ದಾಕ್ಷಾಯಣಿ ಅವರೇ," ಎಂದಿತು ಗಣಕ ಕತ್ತಲಿಂದ, "ನೀವು ನೆಲದ ಮೇಲೆ ಕುಳಿತು ಬಹಳ ಹೊತ್ತಾಯಿತು. ನಿಮಗೇನಾದರೂ ಬೇಕೆ?"

ಅವಳು ಬುಟ್ಟಿಯ ತಳ ನೋಡಿದಳು.

"ಏನೂ ಬೇಡ."

ಹಿಂದೆಲ್ಲ ಈ ಮಾತಾದ ಮೇಲೆ ಗಣಕ ಒಂದು ಗಳಿಗೆ ತಡೆಯುತ್ತಿತ್ತು, ಅವಳ ಉಸಿರಿಗೆ ಕಿವಿಗೊಟ್ಟಂತೆ. ಈಗ ಅದು ರಿಪೇರಿಯಾಗಿತ್ತು.

"ಸರಿ" ಎಂದು ತಕ್ಷಣ ನಂಬಿತು.