ಪ್ರದೀಪ್ ಹುಟ್ಟಿದ ತಾರೀಖು

"ನನ್ನ ಮೇಲೆ ಅರ್ಜಿ ಹಾಕಿದ್ದೀಯಾ?"

ಪ್ರದೀಪ್ ಇದನ್ನು ಕೇಳಿದ್ದು ಸೂಳೆಕೆರೆ ಏರಿಯ ಮೇಲೆ, ಬೈಕಿನಿಂದ ಇಳಿಯುವ ಮೊದಲೇ. ಕೈಯಲ್ಲಿ ರಿಜಿಸ್ಟರ್ಡ್ ಅಂಚೆಯ ಲಕೋಟೆ. ಕತ್ತಲಗೆರೆಯಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ; ಲಕೋಟೆಗೆ ಆಗಲೇ ಗ್ರೀಸ್ ಅಂಟಿತ್ತು.

"ನಿನ್ನ ಮೇಲಲ್ಲ, ನಿನ್ನ ಸ್ಕೂಲಿನ ಮೇಲೆ," ಎಂದಳು ವನಜಾಕ್ಷಿ. "ಏನು ಬರ್ದಾರೆ, ಓದು."

ಅವನು ಓದಿದ. ವನಜಾಕ್ಷಿ ಎಂಬ ಅರ್ಜಿದಾರರು ಮಾಹಿತಿ ಹಕ್ಕು ಕಾಯ್ದೆಯಡಿ ತಮ್ಮ ಪ್ರಾಥಮಿಕ ಶಾಲೆಯ ದಾಖಲಾತಿ ವಿವರ ಕೋರಿದ್ದು, ಸದರಿ ಮಾಹಿತಿಯು ಮೂರನೇ ವ್ಯಕ್ತಿಯಾದ ತಮಗೆ ಸಂಬಂಧಿಸಿರುವುದರಿಂದ, ಆಕ್ಷೇಪಣೆ ಇದ್ದಲ್ಲಿ ಹತ್ತು ದಿನದೊಳಗೆ ತಿಳಿಸತಕ್ಕದ್ದು.

"ಎರಡು ವರ್ಷದಿಂದ ನಿನ್ನ ಹಿಂದೆ ತಿರುಗ್ತಿದೀನಿ," ಎಂದ, ನಿಜಕ್ಕೂ ನೊಂದು. "ಈಗ ಮೂರನೇ ವ್ಯಕ್ತಿ ಆದ್ನಾ?"

"ನಾಲ್ಕು ಸಲ ಸ್ಕೂಲಿಗೆ ಕಳ್ಸಿದ್ದೆ. ಏನು ತಂದೆ?"

"ಹೆಡ್ ಮೇಷ್ಟ್ರು ಬಿಜಿ ಇದ್ರು."

"ನಾಲ್ಕೂ ಸಲ?"

"ಒಂದು ಸಲ ಬಿಸಿಯೂಟಕ್ಕೆ ಕೂರ್ಸಿದ್ರು. ಊಟ ಹಾಕಿದೋರನ್ನ ದಾಖಲೆ ಕೊಡ್ರಿ ಅಂತ ಹೆಂಗೆ ಕೇಳೋದು? ಇನ್ನೊಂದು ಸಲ ಸ್ಕೂಲಿನ ಮೋಟರ್ ಕೆಟ್ಟಿತ್ತು. ಮಾಡಿಕೊಟ್ಟು ಬಂದೆ."

ವನಜಾಕ್ಷಿ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮೂರನೇ ತರಗತಿಯ ಮೂವತ್ತು ಮಕ್ಕಳಿಗೆ ಸಲ್ಲಬೇಕಾದ ತಾಳ್ಮೆಯೆಲ್ಲ ಈ ಒಬ್ಬನ ಮೇಲೇ ಖರ್ಚಾಗುತ್ತಿತ್ತು. ಬೈಗುಳಕ್ಕೆ ತಯಾರಾದವನ ಹಾಗೆ ಅವನು ತಲೆ ತಗ್ಗಿಸಿ, ರೆಪ್ಪೆಯ ಅಡಿಯಿಂದ ಅವಳನ್ನೇ ನೋಡುತ್ತಿದ್ದ. ಆ ನೋಟವೊಂದು ಇಲ್ಲದಿದ್ದರೆ ಅವಳು ಎಂದೋ ಬಚಾವಾಗಿರುತ್ತಿದ್ದಳು.

ಮದುವೆ ಮಾತಿನಲ್ಲಿ ತಂಟೆ ಶುರುವಾಗಿದ್ದು ಎರಡು ತಾರೀಖುಗಳಿಂದ. ದಾಖಲೆಯ ಪ್ರಕಾರ ಅವಳು ಹುಟ್ಟಿದ್ದು 1996ರ ಜೂನ್ ಒಂದು, ಅವನು 1997ರ ಜೂನ್ ಒಂದು. ಮೇಷ್ಟ್ರುಗಳು ಊರ ಮಕ್ಕಳನ್ನೆಲ್ಲ ಜೂನ್ ಒಂದಕ್ಕೇ ಹುಟ್ಟಿಸುತ್ತಿದ್ದ ಕಾಲವದು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರಿದ್ದದ್ದು ವರ್ಷಕ್ಕೆ. "ಗಂಡು ಹೆಣ್ಣಿಗಿಂತ ಚಿಕ್ಕೋನು, ಆಗಾಕಿಲ್ಲ," ಎಂದ ಅವಳ ಸೋದರಮಾವ ತಿಪ್ಪೇಶಪ್ಪ. ಅವನು ಬರುವಾಗಲೇ ಜಗಳೂರಿನ ಸಂಬಂಧವೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಪ್ರದೀಪನ ತಾಯಿ ಅದಕ್ಕೆ, "ಮುಂದೆ ನೌಕರಿಗೆ ಅನುಕೂಲ ಆಗ್ಲಿ ಅಂತ ಸ್ಕೂಲಾಗೆ ಎರಡು ವರ್ಷ ಕಮ್ಮಿ ಬರ್ಸಿದ್ವಿ. ನಮ್ಮ ಹುಡುಗನೇ ದೊಡ್ಡೋನು," ಎಂದು ದೇವರ ಮೇಲೆ ಆಣೆ ಇಟ್ಟಳು. ವನಜಾಕ್ಷಿಯ ತಾಯಿ ದುರುಗಕ್ಕ ಆಣೆಗೆಲ್ಲ ಬಗ್ಗುವವಳಲ್ಲ. "ಆಷಾಢದೊಳಗೆ ಕಾಗದ ತೋರ್ಸ್ರಿ. ಇಲ್ದಿದ್ರೆ ಜಗಳೂರಿನೋರಿಗೆ ಹೂಂ ಅಂತೀನಿ."

ಆಷಾಢಕ್ಕೆ ಉಳಿದದ್ದು ಹದಿನೆಂಟು ದಿನ. ಅರ್ಜಿ ಹಾಕಿ ಆಗಲೇ ನಲವತ್ತು ದಿನ. ಮೊದಲ ಕಚೇರಿ 'ಈ ಕಚೇರಿಗೆ ಸಂಬಂಧಿಸಿರುವುದಿಲ್ಲ' ಎಂದು ಎರಡನೆಯದಕ್ಕೆ ಸಾಗಹಾಕಿತ್ತು. ಎರಡನೆಯದು ಅರ್ಜಿ ಶುಲ್ಕದ ಪೋಸ್ಟಲ್ ಆರ್ಡರ್ ಎಲ್ಲಿ ಎಂದು ಕೇಳಿತ್ತು. ಅದು ಮೊದಲನೆಯದರ ಫೈಲಿನೊಳಗೆ ಸುಖವಾಗಿತ್ತು.

"ಆಕ್ಷೇಪಣೆ ಇಲ್ಲ ಅಂತ ಬರ್ದು ಸಹಿ ಹಾಕು," ಎಂದು ಅವಳು ಪೆನ್ನು ಕೊಟ್ಟಳು.

ಬೈಕಿನ ಸೀಟಿನ ಮೇಲೆ ಕಾಗದವಿಟ್ಟು ಅವನು ಬರೆದ. ಪೆನ್ನು ವಾಪಸು ಕೊಡುವಾಗ ಅವಳ ಬೆರಳನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ; ಬೈಯುವುದನ್ನೂ ನಿಲ್ಲಿಸಲಿಲ್ಲ.

ಹನ್ನೆರಡು ದಿನದ ಮೇಲೆ ಖುದ್ದಾಗಿ ಬಂದು ದಾಖಲೆ ನೋಡಬಹುದೆಂದು ಪತ್ರ ಬಂತು. ಇಬ್ಬರೂ ಪ್ರದೀಪನ ಶಾಲೆಗೆ ಹೋದರು. ಮುಖ್ಯೋಪಾಧ್ಯಾಯ ಮುರುಗೇಶಪ್ಪ ಅದೇ ಶಾಲೆಯಲ್ಲಿ ಮೇಷ್ಟರಾಗಿ ಸೇರಿ, ಊರೂರು ಸುತ್ತಿ, ನಿವೃತ್ತಿಗೆ ಮುಂಚೆ ಮತ್ತೆ ಅಲ್ಲಿಗೇ ಬಂದವರು.

"ಬಾಯಲ್ಲಿ ಕೇಳಿದ್ರೆ ಕೊಡ್ತಿದ್ನಲ್ಲಮ್ಮ. ಅರ್ಜಿ ಯಾಕೆ?"

"ಇವ್ರು ನಾಲ್ಕು ಸಲ ಬಂದಿದ್ರಲ್ಲ, ಸಾರ್."

"ಬಂದಿದ್ದ. ಮೋಟರ್ ಭಾಳ ಚೆನ್ನಾಗಿ ಮಾಡ್ಯಾನೆ. ದಾಖಲೆ ಬೇಕು ಅಂತ ಮಾತ್ರ ಬಾಯಿ ಬಿಡ್ಲಿಲ್ಲ."

ವನಜಾಕ್ಷಿ ಪ್ರದೀಪನನ್ನು ನೋಡಿದಳು. ಪ್ರದೀಪ್ ಗೋಡೆಯ ಮೇಲಿನ ಭೂಪಟ ನೋಡಿದ.

ಬೀರುವಿನ ಕೀ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ರಿಜಿಸ್ಟರಿನ ಆ ಪುಟದಲ್ಲಿ ಹತ್ತೊಂಬತ್ತು ಮಕ್ಕಳು. ಹತ್ತೊಂಬತ್ತೂ ಒಂದೇ ದಿನ, ಒಂದೇ ವರ್ಷ ಹುಟ್ಟಿದವು. ಪ್ರದೀಪನ ಹೆಸರಿನ ಪಕ್ಕದಲ್ಲಿ ಮಾತ್ರ ತುಕ್ಕು ಹಿಡಿದ ಗುಂಡುಪಿನ್ನು, ಅದರಲ್ಲೊಂದು ಲಸಿಕೆ ಚೀಟಿ. ನರ್ಸಮ್ಮನ ದುಂಡಗಿನ ಅಕ್ಷರ: ಜನನ, 20 ಜನವರಿ 1998.

"ತೊಂಬತ್ತೆಂಟು?" ವನಜಾಕ್ಷಿಯ ದನಿ ಕೀರಲಾಯಿತು. "ಇವರಮ್ಮ ಕಮ್ಮಿ ಬರ್ಸಿದ್ವಿ ಅಂದ್ರು!"

"ಬರೀರಿ ಅಂದಿದ್ದು ಖರೆ. ನಾನು ಬರೀಬೇಕಲ್ಲ? ಆಗ ಚೀಟಿಪೀಟಿ ಯಾರು ನೋಡ್ತಿದ್ರು? ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದ್ರೆ ಆರು ವರ್ಷ ತುಂಬ್ತು ಅಂತ. ಇವನ ಕೈ ನೋಡಮ್ಮ, ಗಳ ಇದ್ದಂಗೆ ಅವೆ. ಐದು ವರ್ಷಕ್ಕೇ ಮುಟ್ಟಿಬಿಟ್ಟ."

ಪ್ರದೀಪ್ ತನ್ನ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಒಂದು ವರ್ಷದ ಅಂತರ ಈಗ ಒಂದು ವರ್ಷ ಏಳು ತಿಂಗಳು ಹತ್ತೊಂಬತ್ತು ದಿನ. ಮುರುಗೇಶಪ್ಪನವರು ಚೀಟಿಯ ದೃಢೀಕೃತ ನಕಲಿಗೆ ಸೀಲು ಒತ್ತಿಕೊಟ್ಟರು, ಬಹಳ ಉತ್ಸಾಹದಿಂದ.

ಹೊರಗೆ ಬಂದು ಅವಳು ಧ್ವಜದ ಕಟ್ಟೆಯ ಮೇಲೆ ಕೂತಳು. "ಇನ್ನೊಂದು ಅರ್ಜಿ ಹಾಕಿದ್ರೆ ನಾನು ನಿನಗೆ ಅಜ್ಜಿ ಆಗ್ತೀನಿ."

ಅವನು ನಗಲಿಲ್ಲ.

"ನಿನಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಚಿಕ್ಕೋನಿದ್ದಾಗ ನನ್ನ ಕ್ಲಾಸ್ನೋರೆಲ್ಲ ನನಗಿಂತ ದೊಡ್ಡೋರು ಕಾಣ್ತಿದ್ರು." ಕಾಲಿನಿಂದ ಮಣ್ಣು ಕೆದಕಿದ. "ಕೇಳಿದ್ರೆ ಉತ್ತರ ಬರ್ತೈತಲ್ಲ, ವನಜಾ. ಉತ್ತರ ಬಂದ್ರೆ ನೀನು ಜಗಳೂರಿಗೆ ಹೋಗ್ತೀಯ. ಅದಕ್ಕೇ ಮೋಟರ್ ಮಾಡಿ ಬಂದೆ."

ಐವತ್ತು ದಿನದಿಂದ ಬೈಯಲು ಕೂಡಿಟ್ಟ ಮಾತನ್ನೆಲ್ಲ ಅವಳು ಬದಿಗಿಟ್ಟಳು. ಕೊನೆಗೆ ಆ ಕಚೇರಿಗಳ ಹಾಗೆಯೇ ಪರಿಹಾರ ಹುಡುಕಿದಳು. "ನಕಲು ಸಿಗ್ಲಿಲ್ಲ ಅಂತೀನಿ. ಮೇಲ್ಮನವಿ ಹಾಕ್ತೀನಿ. ಸುಲಭವಾಗಿ ಒಂದು ವರ್ಷ ಎಳೀಬಹುದು."

"ಬೇಡ." ಅವಳ ಕೈಯಿಂದ ಕಾಗದ ತೆಗೆದುಕೊಂಡು ಜೇಬಿಗಿಟ್ಟ. "ಬೈಕ್ ಹತ್ತು, ನಿಮ್ಮ ಮನೆಗೆ ಹೋಗಾನ."

ದುರುಗಕ್ಕ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ತಿಪ್ಪೇಶಪ್ಪ. ವನಜಾಕ್ಷಿ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲ ಮರೆಗೆ ನಿಂತಳು.

"ಅಮ್ಮ, ನಾನು ಚಿಕ್ಕೋನೇ," ಎಂದು ಪ್ರದೀಪ್ ಕಾಗದ ಮುಂದಿಟ್ಟ. "ಒಂದು ವರ್ಷ ಅಲ್ಲ, ಇನ್ನೂ ಏಳು ತಿಂಗಳು ಜಾಸ್ತಿ. ನಮ್ಮವ್ವ ಅಂದಿದ್ದು ತಪ್ಪು. ಆದ್ರೆ ನಿಮ್ಮ ಮಗಳು ಬಿಟ್ರೆ ನನಗೆ ಬೇರೆ ಯಾರೂ ಬ್ಯಾಡ. ಇಷ್ಟು ಹೇಳಿ ಹೋಗಾಕೆ ಬಂದೆ."

"ನೋಡ್ದೇನಕ್ಕಾ! ಜಗಳೂರಿಗೆ ಈಗ್ಲೇ ಫೋನ್ ಹಚ್ತೀನಿ," ಎಂದು ತಿಪ್ಪೇಶಪ್ಪ ಮೊಬೈಲ್ ತೆಗೆದ.

ದುರುಗಕ್ಕ ಕಾಗದವನ್ನು ತಿರುಗಿಸಿ ಸೀಲು ನೋಡಿದಳು. "ಜಗಳೂರಿನ ಹುಡುಗನ ಕಾಗದ ಎಲ್ಲೈತೆ?"

"ಮೂವತ್ತೆರಡು ಅಂತ ಬಾಯಲ್ಲಿ ಹೇಳ್ಯಾರಲ್ಲ. ಅಂಥ ಮನೆತನದೋರನ್ನ ಕಾಗದ ಕೇಳಾಕೆ ಆಗ್ತೈತಾ?"

"ಇವನು ತಾನು ಸೋಲೋ ಕಾಗದನೇ ತಂದು ಕೊಟ್ಟಾನೆ. ಅವರು ಗೆಲ್ಲೋ ಕಾಗದನೂ ಕೊಡಂಗಿಲ್ವೇನು?" ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ಫೋನ್ ಒಳಗಿಡು. ವನಜಾ, ಬಾಗಿಲ ಹಿಂದೆ ನಿಂತಿದ್ದು ಸಾಕು. ನಿಮ್ಮ ಮನೆಯೋರಿಗೆ ಟೀ ಇಡು."

ಟೀ ಬಂತು. ತಿಪ್ಪೇಶಪ್ಪ ಒಂದು ಗುಟುಕು ಕುಡಿದು ಮುಖ ಕಿವಿಚಿ ಲೋಟ ಕೆಳಗಿಟ್ಟ. ಪ್ರದೀಪ್ ಅವಳ ಮುಖ ನೋಡುತ್ತಾ ಪೂರ್ತಿ ಕುಡಿದು ಮುಗಿಸಿದ. ಲೋಟ ಒಳಗೆ ತಂದ ಮೇಲೆಯೇ ಅವಳಿಗೆ ಸಕ್ಕರೆ ಹಾಕಿಲ್ಲವೆಂದು ಹೊಳೆದದ್ದು.

"ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು ನಿನಗೆ?" ಎಂದಳು, ಅವನನ್ನು ಬೀದಿಯವರೆಗೆ ಬಿಡಲು ಬಂದು.

"ಹೇಳಿದ್ನಲ್ಲ, ಜಗಲಿ ಮೇಲೆ." ಅವನು ಬೈಕ್ ಸ್ಟಾರ್ಟ್ ಮಾಡಿದ. "ಒಂದು ದಿನಕ್ಕೆ ಅಷ್ಟೇ ಆಗೋದು."